ಬೀದಿಯಲ್ಲಿ ಮಾತಾಡದ ಚೌಡಕ್ಕ

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ನಾನು ಇಪ್ಪತ್ತೆರಡು ವರ್ಷ ಬುಕಿಂಗ್ ಏಜೆಂಟನಾಗಿದ್ದೆ. ಖಾಸಗಿ ಬಸ್ಸುಗಳ ಕಾಲ ಅದು. ದಾವಣಗೆರೆಗೆ ಹೋಗಲಿ, ಶಿವಮೊಗ್ಗಕ್ಕೆ ಹೋಗಲಿ, ಚನ್ನಗಿರಿಗೇ ಹೋಗಲಿ, ಹಾಲಸ್ವಾಮಿಯ ಗಂಟಲು ಕೂಗದೆ ಯಾವ ಬಸ್ಸೂ ಹೊರಡುತ್ತಿರಲಿಲ್ಲ. ಹಾಲಸ್ವಾಮಿ ಅಂದರೆ ನಾನೇ. ಸ್ಟ್ಯಾಂಡಿಗೆ ಬಂದವರೆಲ್ಲ ನನಗೆ ನಮಸ್ಕಾರ ಹೇಳುತ್ತಿದ್ದರು. ನನ್ನ ಮೇಲಿನ ಪ್ರೀತಿಯಿಂದಲ್ಲ, ಕಿಟಕಿ ಪಕ್ಕದ ಸೀಟು ಬೇಕಾಗಿತ್ತು, ಅದಕ್ಕೆ. ಆದರೂ ನನಗೆ ಅದರ ರುಚಿ ಹತ್ತಿಬಿಟ್ಟಿತ್ತು. ನಮಸ್ಕಾರ ಹೇಳದವರನ್ನು ಕಂಡರೆ ಮೈ ಉರಿಯುತ್ತಿತ್ತು.

ಅಂಥವರು ಇಡೀ ಊರಿನಲ್ಲಿ ಒಬ್ಬರೇ ಇದ್ದರು. ಸರ್ಕಾರಿ ಆಸ್ಪತ್ರೆಯ ಆಯಾ ಚೌಡಕ್ಕ. ಎತ್ತರದ ಹೆಂಗಸು, ಮುಂಗೈ ತುಂಬ ಹಚ್ಚೆ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ತಿಂಗಳಿಗೊಮ್ಮೆ ಜಗಳೂರು ಕಡೆಯ ತನ್ನ ಹಳ್ಳಿಗೆ, ಕಣ್ಣು ಕಾಣದ ತಾಯಿಯನ್ನು ನೋಡಲು ಹೋಗುತ್ತಿದ್ದಳು. ನನ್ನ ಬುಕಿಂಗ್ ಕಿಟಕಿಯ ಮುಂದೆ ಸರಿಯಾದ ಚಿಲ್ಲರೆ ಇಟ್ಟು "ದಾವಣಗೆರೆ ಒಂದು" ಅನ್ನುವಳು, ಆಮೇಲೆ ಬಸ್ಸಿನ ಟಾಪ್ ಮೇಲೆ ಏನೋ ಅಪರೂಪದ್ದು ಇದೆ ಎಂಬಂತೆ ಅದನ್ನೇ ನೋಡುತ್ತ ನಿಲ್ಲುವಳು. ನನ್ನ ಮುಖವನ್ನಂತೂ ನೋಡುತ್ತಲೇ ಇರಲಿಲ್ಲ. ಎಷ್ಟು ಕೊಬ್ಬು ಇವಳಿಗೆ ಅಂದುಕೊಂಡು ಪ್ರತಿ ಸಲವೂ ಹಿಂದಿನ ಚಕ್ರದ ಮೇಲಿನ ಸೀಟನ್ನೇ ಕೊಡುತ್ತಿದ್ದೆ. ಹೊನ್ನಾಳಿಯಿಂದ ದಾವಣಗೆರೆಯವರೆಗೆ ಆ ಸೀಟಿನಲ್ಲಿ ಕೂತವರ ಬೆನ್ನು ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೀಗೆ ಎಷ್ಟು ವರ್ಷ ಮಾಡಿದೆ ಎಂದು ಇವತ್ತು ನೆನೆದರೆ ನಾಚಿಕೆಯಾಗುತ್ತದೆ.

ಅವಳ ಕೆಲಸ ಏನೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಂಡ ಚಿತ್ತಪ್ಪ ಲಾರಿಗೆ ಕಲ್ಲು ತುಂಬುವ ಕೆಲಸದವನು, ಜ್ವರದಲ್ಲಿ ಹೋದ. ಇಪ್ಪತ್ತನಾಲ್ಕನೇ ವಯಸ್ಸಿಗೆ ಒಬ್ಬಳೇ ಹೊನ್ನಾಳಿಗೆ ಬಂದು ಆಸ್ಪತ್ರೆಯಲ್ಲಿ ದಿನಗೂಲಿಗೆ ಸೇರಿದಳು. ವಾರ್ಡು ಗುಡಿಸುವುದು, ಬಾಣಂತಿಯರ ಬಟ್ಟೆ ಒಗೆಯುವುದು, ಮಲಗಿದವರಿಗೆ ಪಾತ್ರೆ ಹಿಡಿಯುವುದು. ಎಪ್ಪತ್ತೊಂದರಲ್ಲೋ ಎಪ್ಪತ್ತೆರಡರಲ್ಲೋ ಅಲ್ಲಿದ್ದ ಡಾಕ್ಟರೊಬ್ಬರು ಅವಳಿಗೆ ಎನಿಮಾ ಕೊಡುವುದನ್ನು ಕಲಿಸಿದರು. ಅವಳ ಕೈ ಎಷ್ಟು ಹಗುರ ಅಂದರೆ, ಆಮೇಲೆ ಊರಿನ ದೊಡ್ಡ ದೊಡ್ಡ ಮನೆಗಳಲ್ಲೂ ಮುದುಕರಿಗೆ ಹೊಟ್ಟೆ ಕಟ್ಟಿದರೆ ಅವಳಿಗೇ ಹೇಳಿಕಳಿಸುವರು. ಅವಳು ಹಿತ್ತಿಲ ಬಾಗಿಲಿನಿಂದ ಬರುವಳು, ಕೆಲಸ ಮುಗಿಸಿ ಒಂದು ತೆಂಗಿನಕಾಯಿಯೋ ಒಂದು ಸೇರು ಅಕ್ಕಿಯೋ ಈಸಿಕೊಂಡು ಹಿತ್ತಿಲಿನಿಂದಲೇ ಹೋಗುವಳು.

ಬೀದಿಯಲ್ಲಿ ಮಾತ್ರ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಚೌಡಕ್ಕನ ಹತ್ತಿರ ನಿಂತು ಮಾತಾಡಿದರೆ, ಓಹೋ, ಇವರ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಸಂತೆಗೆಲ್ಲ ಗೊತ್ತಾಗುತ್ತಿತ್ತು. ಜನ ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ ಎಂದಷ್ಟೇ ನಾನು ತಿಳಿದಿದ್ದೆ. ಅದಕ್ಕೂ ಮೊದಲು ಅವಳೇ ಮುಖ ತಿರುಗಿಸುತ್ತಿದ್ದಳು, ಅವರ ಮರ್ಯಾದೆ ಉಳಿಯಲಿ ಅಂತ ಬೇಕೆಂದೇ ಹಾಗೆ ಮಾಡುತ್ತಿದ್ದಳು ಅನ್ನುವುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ನನಗೆ ಒಬ್ಬ ಅಣ್ಣ ಇದ್ದ. ಜಯದೇವಪ್ಪ. ಅಪ್ಪ ಬೇಗ ಹೋದ ಮೇಲೆ ನನ್ನನ್ನು ಓದಿಸಿ, ಮದುವೆ ಮಾಡಿ, ಏಜೆಂಟ್ ಕೆಲಸ ಕೊಡಿಸಿದವನು ಅವನೇ. ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಎಪ್ಪತ್ತೊಂಬತ್ತರಲ್ಲಿ ಇದ್ದಕ್ಕಿದ್ದಂತೆ ಇಳಿದುಹೋದ. ಮೂಲವ್ಯಾಧಿ ಅನ್ನುತ್ತಿದ್ದ, ಮಜ್ಜಿಗೆ ಕುಡಿಯುತ್ತಿದ್ದ, ನಗುತ್ತಿದ್ದ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕರುಳಿನ ಕ್ಯಾನ್ಸರ್ ಲಿವರಿಗೂ ಹರಡಿತ್ತು. ನಲವತ್ತಾರು ವರ್ಷ ಅವನಿಗೆ.

ಐದು ವರ್ಷದ ಮೇಲೆ, ಎಂಬತ್ತನಾಲ್ಕರ ಮಾಘ ಮಾಸದಲ್ಲಿ, ನನಗೂ ರಕ್ತ ಹೋಗಲು ಶುರುವಾಯಿತು.

ನಾನು ಏನು ಮಾಡಿದೆ? ಅಣ್ಣ ಮಾಡಿದ್ದನ್ನೇ ಮಾಡಿದೆ. ಮೂಲವ್ಯಾಧಿ ಎಂದು ನನಗೆ ನಾನೇ ಹೇಳಿಕೊಂಡು ಸುವರ್ಣಗೆಡ್ಡೆ ತಿಂದೆ, ಮಜ್ಜಿಗೆ ಕುಡಿದೆ. ಹೆಂಡತಿ ಅನ್ನಪೂರ್ಣಮ್ಮನಿಗೂ ಹೇಳಲಿಲ್ಲ. ಸ್ಟ್ಯಾಂಡಿನ ಕುರ್ಚಿಯ ಮೇಲೆ ಒಂದು ಕೆಂಪು ಟವಲನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು ಕೂರುತ್ತಿದ್ದೆ. ಯಾರಾದರೂ ಕೇಳಿದರೆ ಕುರ್ಚಿ ಗಟ್ಟಿ ಅನ್ನುತ್ತಿದ್ದೆ. ಅಣ್ಣನ ಮುಖ ದಿನಾ ನೆನಪಾಗುತ್ತಿತ್ತು. ಭಯ ಎಷ್ಟಿತ್ತೆಂದರೆ, ಡಾಕ್ಟರ ಹತ್ತಿರ ಹೋಗುವುದಕ್ಕೇ ಭಯ.

ಒಂದು ಬೆಳಿಗ್ಗೆ ಚೌಡಕ್ಕ ಊರಿಗೆ ಹೊರಟು ಬಂದಳು. ಚಿಲ್ಲರೆ ಇಟ್ಟಳು, "ದಾವಣಗೆರೆ ಒಂದು" ಅಂದಳು. ಟಿಕೆಟ್ ಹರಿದುಕೊಟ್ಟೆ. ಅವಳು ಬಸ್ಸಿನ ಟಾಪ್ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು, ಹಿಂದೆ ಹದಿನೈದು ಜನ ಸಾಲಿನಲ್ಲಿ ನಿಂತಿರುವಾಗ ಗಟ್ಟಿಯಾಗಿ ಕೇಳಿದಳು.

"ಹಾಲಸ್ವಾಮಣ್ಣ, ಎಷ್ಟು ದಿನದಿಂದ ರಕ್ತ ಹೋಗ್ತೈತ್ರಿ?"

ನನ್ನ ಕಿವಿ ಕಾದುಹೋದವು.

"ಏಯ್, ಯಾರಿಗೆ ಏನು ಕೇಳ್ತಿದ್ದೀಯ? ತಲೆ ಕೆಟ್ಟೈತಾ ನಿಂಗೆ? ಟಿಕೆಟ್ ತಗಂಡು ನಡಿ ಅತ್ಲಾಗೆ!" ಎಂದು ಕೂಗಾಡಿದೆ.

"ಬೈರಿ, ಬೈಸ್ಕಂತೀನಿ. ಮೂರು ತಿಂಗಳಿಂದ ನೋಡಾಕತ್ತೀನಿ. ನಾನಿಲ್ಲಿ ನಿಲ್ಲೋ ಅರ್ಧ ಗಂಟೇಲಿ ಮೂರು ಸಲ ಹಿಂದಕ್ಕೆ ಹೋಗಿ ಬರ್ತೀರಿ. ಕಣ್ಣಾಗೆ ರಕ್ತ ಇಲ್ಲ. ಆ ಟವಲ್ ಯಾಕೆ ಅಂತ ನಂಗೆ ಗೊತ್ತೈತೆ. ನಾಳೆನೇ ಡಾಕ್ಟ್ರಿಗೆ ತೋರಿಸ್ರಿ."

ಇಷ್ಟು ಹೇಳಿ ಅವಳು ಬಸ್ಸು ಹತ್ತಲಿಲ್ಲ. ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಬಂದ ದಾರಿಯಲ್ಲೇ ವಾಪಸ್ಸು ಹೋದಳು. ಸಾಲಿನಲ್ಲಿದ್ದವರು ಒಬ್ಬೊಬ್ಬರೇ ಬಸ್ಸಿನ ಟಾಪ್ ನೋಡತೊಡಗಿದರು.

ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಮುಂಬಾಗಿಲನ್ನು ಯಾರೋ ಬಡಿದರು. ತೆಗೆದರೆ ಚೌಡಕ್ಕ. ಮುಂಬಾಗಿಲಿಗೆ ಬಂದಿದ್ದಳು! ಎದುರು ಮನೆಯವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅನ್ನಪೂರ್ಣ ಅವಳನ್ನು ಒಳಗೆ ಕರೆದು ಚಾಪೆ ಹಾಕಿದಳು. ಸ್ಟ್ಯಾಂಡಿನ ಸುದ್ದಿ ಆಗಲೇ ಹೆಂಡತಿಯ ಕಿವಿಗೆ ಬಿದ್ದಿತ್ತು, ಅತ್ತು ಅತ್ತು ಕಣ್ಣು ಊದಿದ್ದವು.

ಚೌಡಕ್ಕ ಚಾಪೆಯ ಅಂಚಿನಲ್ಲಿ ಕೂತು ಹೇಳಿದಳು. "ನಿಮ್ಮಣ್ಣಾರು ನನ್ನ ಮೂರು ಸಲ ಕರೆಸಿದ್ರು, ಅಂಗಡಿ ಹಿಂದ್ಲ ಬಾಗ್ಲಿಗೆ. ರಕ್ತ ನಾನು ಕಣ್ಣಾರೆ ಕಂಡೆ. ಇದು ಮೂಲವ್ಯಾಧಿ ಅಲ್ಲ ಅಣ್ಣ, ದಾವಣಗೆರೆಗೆ ಹೋಗ್ರಿ ಅಂದೆ. ಯಾರಿಗೂ ಹೇಳಬೇಡ, ನಿಮ್ಮವ್ವನ ಮೇಲೆ ಆಣೆ ಮಾಡು ಅಂದ್ರು. ಮಾಡಿದೆ. ಊರಾಗೆ ನನ್ನ ಬಾಯಿ ಮೇಲೆ ಎಲ್ರಿಗೂ ನಂಬಿಕೆ ನೋಡ್ರಿ. ಆ ನಂಬಿಕೆ ಉಳಿಸ್ಕಂಡೆ, ಅಣ್ಣಾರ್ನ ಕಳಕಂಡ್ವಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೊಂದು ಸಲ ನನ್ ಕೈಲಿ ಆಗಲ್ಲ. ಅದಕ್ಕೇ ಹತ್ತು ಜನರ ಮುಂದೆ ಕೇಳ್ದೆ. ಹತ್ತು ಜನಕ್ಕೆ ಗೊತ್ತಾದ್ಮೇಲೆ ನೀವು ಮುಚ್ಚಿಡಾಕೆ ಏನೈತೆ?"

ಅಣ್ಣನಿಗೂ ಹೀಗೆ ಯಾರಾದರೂ ಬೀದಿಯಲ್ಲಿ ಕೇಳಿದ್ದರೆ ಎಂದುಕೊಂಡೆ.

ಮರುದಿನವೇ ಸರ್ಕಾರಿ ಡಾಕ್ಟರಿಗೆ ತೋರಿಸಿದೆ. ಅವರು ಚೀಟಿ ಬರೆದುಕೊಟ್ಟರು. ದಾವಣಗೆರೆಯ ಒಂದು ನರ್ಸಿಂಗ್ ಹೋಮಿಗೆ ತಿಂಗಳಿಗೊಂದು ಶನಿವಾರ ಬೆಂಗಳೂರಿನಿಂದ ಒಬ್ಬ ಡಾಕ್ಟರು ಬರುತ್ತಾರೆ, ಅವರ ಹತ್ತಿರ ಕರುಳಿನೊಳಗೆ ಬಿಟ್ಟು ನೋಡುವ ಉದ್ದನೆಯ ಕೊಳವೆ ಇದೆ, ತುದಿಯಲ್ಲಿ ದೀಪ ಇರುತ್ತದೆ, ಹೊಟ್ಟೆ ಕೊಯ್ಯದೆಯೇ ಎಲ್ಲ ಗೊತ್ತಾಗುತ್ತದೆ ಎಂದರು. ಹೋಗುವ ಮೊದಲು ಎರಡು ದಿನ ಉಪವಾಸ, ಹಿಂದಿನ ದಿನ ಹರಳೆಣ್ಣೆ, ಆಮೇಲೆ ಎನಿಮಾ. ಚೌಡಕ್ಕನಿಗೆ ಹೇಳ್ತೀನಿ ಎಂದರು.

ಇಲ್ಲಿ ನನ್ನ ಸೊಕ್ಕು ಅಡ್ಡ ಬಂತು. ರಕ್ತ ಹೋಗುತ್ತಿದ್ದರೂ ಅದೇನೂ ಕಡಿಮೆಯಾಗಿರಲಿಲ್ಲ. ಹೆಣ್ಣುಮಗಳ ಕೈಲಿ ಎನಿಮಾ ಹಾಕಿಸಿಕೊಳ್ಳುವುದೇ? ಅದೂ ನಾನು? ಹರಳೆಣ್ಣೆ ಒಂದೇ ಸಾಕು, ಎರಡು ಪಾಲು ಕುಡಿದರಾಯಿತು ಎಂದುಕೊಂಡು ಅವಳಿಗೆ ಹೇಳಿಯೇ ಕಳಿಸಲಿಲ್ಲ. ಅನ್ನಪೂರ್ಣನಿಗೆ ಮಾತ್ರ, ಎರಡು ದಿನ ಉಪವಾಸವಂತೆ ಕಣೇ, ಎಂದೆ.

ಅನ್ನಪೂರ್ಣನ ತವರು ಕೆರೆಬಿಳಚಿ. ಅವರ ಮನೆಯ ಉಪವಾಸ ಅಂದರೆ ಏನೆಂದು ಗೊತ್ತಲ್ಲ. ಅನ್ನ ಇಲ್ಲ, ರೊಟ್ಟಿ ಇಲ್ಲ, ಅಷ್ಟೇ. ಗಂಡನ ಜೀವದ ಪ್ರಶ್ನೆ ಎಂದು ಅವಳು ಶಿವರಾತ್ರಿಗಿಂತ ಭಕ್ತಿಯಿಂದ ಮಾಡಿದಳು. ಅವಲಕ್ಕಿ, ಹುರಿದ ಕಡಲೆಬೀಜ, ಬೆಲ್ಲದ ಉಂಡೆ, ಕಡಲೆ ಉಸಲಿ, ಬಾಳೆಹಣ್ಣು, ಸಬ್ಬಕ್ಕಿ ಪಾಯಸ. ಪೂಜೆ ಮುಗಿಸಿ ಬಂದು ಕೂತರೆ ಎಲೆ ತುಂಬ ಉಪವಾಸ. ನಾನೂ ನಿಷ್ಠೆಯಿಂದ ಎರಡು ದಿನ ಅನ್ನ ಮುಟ್ಟದೆ ಎಲ್ಲವನ್ನೂ ತಿಂದೆ, ಮೇಲೆ ಹರಳೆಣ್ಣೆ ಕುಡಿದೆ, ದಾವಣಗೆರೆಗೆ ಹೋಗಿ ಮೇಜಿನ ಮೇಲೆ ಮಲಗಿದೆ.

ಡಾಕ್ಟರು ಕೊಳವೆಯ ಈ ತುದಿಗೆ ಒಂದು ಕಣ್ಣಿಟ್ಟು ನೋಡಿದರು. ಅರ್ಧ ನಿಮಿಷವೂ ಆಗಲಿಲ್ಲ, ಹೊರಗೆ ಎಳೆದರು.

"ಏನು ತಿಂದಿದ್ದೀರಿ?"

"ಏನೂ ಇಲ್ಲ ಸಾರ್. ಎರಡು ದಿನದಿಂದ ಉಪವಾಸ."

"ಕಡಲೆಬೀಜ ಕಾಣ್ತಾ ಇದೆಯಲ್ಲ ಸ್ವಾಮಿ!"

"ಅದು ಉಪವಾಸದ್ದೇ ಸಾರ್," ಎಂದೆ.

ಆ ಡಾಕ್ಟರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಮುಂದಿನ ತಿಂಗಳು ಬನ್ನಿ, ಅದೇ ನಾನು ದಾವಣಗೆರೆಗೆ ಬರುವ ಕೊನೆ ಸಲ, ಆಗಲೂ ಹೀಗೇ ಬಂದರೆ ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಕಾಯಬೇಕು, ನಿಮ್ಮ ಅಣ್ಣನ ಕಥೆ ಕೇಳಿದರೆ ನಿಮಗೆ ಅಷ್ಟು ಸಮಯ ಇದೆ ಎಂದು ನಾನು ಹೇಳಲಾರೆ, ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅನ್ನಪೂರ್ಣ ಒಂದೇ ಸಮನೆ ಅತ್ತಳು. ನನ್ನ ಕೈಯಾರೆ ಹಾಳು ಮಾಡಿದೆ ಅಂದಳು. ಅವಳದೇನು ತಪ್ಪು? ಕೇಳಿ ತಿಳಿದುಕೊಳ್ಳಬೇಕಾದವನು ನಾನು. ಹೇಳಿಕೊಡಲು ಚೌಡಕ್ಕ ಇದ್ದಳು. ನನಗೆ ಜೀವಕ್ಕಿಂತ ಮೀಸೆ ದೊಡ್ಡದಾಗಿತ್ತು.

ಆ ಒಂದು ತಿಂಗಳು ಹೇಗೆ ಕಳೆದೆನೋ. ಒಳಗೆ ಅದು ಬೆಳೆಯುತ್ತಿದೆಯೋ, ಹರಡುತ್ತಿದೆಯೋ, ಬರೀ ಅದೇ ಯೋಚನೆ. ಎರಡನೇ ದಿನವೇ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿಗೆ ಹೋಗಿ ಚೌಡಕ್ಕನ ಬಾಗಿಲಲ್ಲಿ ನಿಂತೆ. ಕಡಲೆಬೀಜದ ಸುದ್ದಿ ನನಗಿಂತ ಮೊದಲೇ ಬಂದಿತ್ತು.

"ಪಾಯಸ ಚಲೋ ಆಗಿತ್ತೇನ್ರಿ?" ಎಂದು ಕೇಳಿ ಅವಳು ನಕ್ಕಳು. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕಿದ್ದು. "ಈ ಸಲ ನಾನು ಹೇಳ್ದಂಗೆ ಕೇಳ್ತೀರಾ?" ಎಂದಳು. "ಕೇಳ್ತೀನಿ ಚೌಡಕ್ಕ, ನೀವು ಹೇಳ್ದಂಗೇ," ಎಂದೆ. ಅವತ್ತಿನಿಂದ ನನ್ನ ಬಾಯಿಗೆ 'ನೀನು' ಬರಲಿಲ್ಲ. ಇಲ್ಲಿಯೂ ಇನ್ನು ಮುಂದೆ ಬರುವುದಿಲ್ಲ.

ಡಾಕ್ಟರು ಬರುವ ಶನಿವಾರಕ್ಕೆ ಮುಂಚಿನ ಗುರುವಾರ ಅವರು ಮೂರು ದಿನ ರಜೆ ಹಾಕಿ ನಮ್ಮ ಮನೆಯ ಅಡಿಗೆಮನೆ ಬಾಗಿಲಲ್ಲೇ ಕೂತರು. ಗಂಜಿಯನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿದ ತಿಳಿ, ಎಳನೀರು, ಸೋಸಿದ ನಿಂಬೆ ಪಾನಕ, ಹಾಲಿಲ್ಲದ ಕಾಫಿ. ಇಷ್ಟೇ. ಲೋಟದ ತಳ ಕಾಣಬೇಕು ಅನ್ನುವುದು ಅವರ ಲೆಕ್ಕ, ತಳ ಕಾಣದಿದ್ದರೆ ಚೆಲ್ಲಿಬಿಡುವರು. ಕಾಯಿಲೆ ಅಂತ ನೋಡಲು ಬ್ರೆಡ್ಡು, ಬಾಳೆಹಣ್ಣು ಹಿಡಿದುಕೊಂಡು ಬಂದವರನ್ನು ಕಟ್ಟೆಯ ಮೇಲೇ ಕೂರಿಸಿ, "ಅವ್ರು ಭಾನುವಾರ ತಿಂತಾರೆ, ಅಲ್ಲಿಡ್ರಿ" ಎಂದು ಕಳಿಸುತ್ತಿದ್ದರು. ಎರಡು ದಿನವೂ ಅನ್ನಪೂರ್ಣ ತಾನೂ ಗಂಜಿ ತಿಳಿಯಲ್ಲೇ ಇದ್ದಳೆಂದು ನನಗೆ ಆಮೇಲೆ ಚೌಡಕ್ಕ ಹೇಳಿ ಗೊತ್ತಾಯಿತು.

ಶುಕ್ರವಾರ ಮಧ್ಯಾಹ್ನ ಹರಳೆಣ್ಣೆ. ನಿಂಬೆರಸ ಹಿಂಡಿ, ಬಿಸಿ ಕಾಫಿಯಲ್ಲಿ ಕಲಸಿ, ಮೂಗು ಹಿಡಿದು ಕುಡಿಸಿದರು. ಅದರ ಪ್ರತಾಪವನ್ನು ನಾನು ವರ್ಣಿಸುವುದಿಲ್ಲ. ಹಿತ್ತಿಲಿಗೂ ಮನೆಗೂ ಓಡಾಡಿ ಕಾಲು ಸೋತವು ಅಂದರೆ ಸಾಕು. ಸಂಜೆ ಎನಿಮಾ. ನಾನು ಅಂಗಿ ತೂಗುಹಾಕುವ ಗೂಟಕ್ಕೇ ಬಿಳಿ ಡಬ್ಬ ನೇತುಹಾಕಿದರು, ರಬ್ಬರ್ ನಳಿಗೆ ಎಣ್ಣೆ ಸವರಿದರು. ನಾನು ಎಡಮಗ್ಗುಲಾಗಿ, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಮಲಗಿದ್ದೆ. ಸೊಂಟದ ಮೇಲೆ ಹೊದಿಕೆ ಎಳೆದರು. ನಾಚಿಕೆಗೆ ಮೈಯೆಲ್ಲ ಬಿಗಿದುಕೊಂಡು ಉಸಿರು ಕಟ್ಟಿತ್ತು.

"ಉಸಿರು ಬಿಡ್ರಿ. ಹಿಂಗೆ ಬಿಗಿ ಹಿಡಿದ್ರೆ ನೀರು ಹೆಂಗೆ ಹೋಗ್ಬೇಕು?" ಎಂದರು. ನನ್ನ ಕೈಲಿ ಆಗಲಿಲ್ಲ. ಆಗ ಅವರು, "ಆತು, ಬಸ್ ಹೊಂಟಿತು. ದಾವಣಗೆರೆ ಬಸ್. ಊರು ಕೂಗ್ರಿ," ಎಂದರು.

"ಏನು?"

"ದಿನಾ ಕೂಗಲ್ವಾ? ಹಂಗೇ ಕೂಗ್ರಿ."

ಕೂಗಿದೆ. "ಕುಂಬಳೂರು, ಮಲೇಬೆನ್ನೂರು, ಹರಿಹರ, ದಾವಣಗೇರೇ!" ಇಪ್ಪತ್ತು ವರ್ಷದ ಅಭ್ಯಾಸ, ಗಂಟಲು ತಾನಾಗಿ ತೆರೆಯಿತು. ಕೂಗಿದಾಗ ಉಸಿರು ಹೊರಗೆ ಬಂತು, ಉಸಿರು ಬಂದಾಗ ಹೊಟ್ಟೆ ಸಡಿಲವಾಯಿತು. "ಇನ್ನೊಂದು ಟ್ರಿಪ್," ಅನ್ನುವರು ಅವರು. ದಾವಣಗೆರೆ ಮುಟ್ಟಿದ ಮೇಲೆಯೇ ಏಳಬೇಕು, ಹರಿಹರದಲ್ಲಿ ಇಳಿಯುವಂತಿಲ್ಲ. ಅಡಿಗೆಮನೆಯಲ್ಲಿ ಅನ್ನಪೂರ್ಣ ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದುದು ಕೇಳಿಸುತ್ತಿತ್ತು. ನಾಲ್ಕನೇ ಟ್ರಿಪ್ಪಿಗೆ ಬರೀ ತಿಳಿನೀರು ಬಂತು. "ಈಗ ಡಾಕ್ಟ್ರು ನೋಡ್ಲಿ," ಎಂದು ಅವರು ಡಬ್ಬ ಇಳಿಸಿದರು.

ಹೋಗುವ ಮೊದಲು ಇನ್ನೊಂದು ಮಾತು ಹೇಳಿದರು. "ಕೊರಳಾಗಿನ ಲಿಂಗಾನ ಈಗ್ಲೇ ತೋಳಿಗೆ ಕಟ್ಕಳ್ರಿ, ಮೇಲೆ ಬಟ್ಟೆ ಸುತ್ರಿ. ಅಲ್ಲಿ ಕೊರಳಾಗಿಂದು ತೆಗಿರಿ ಅಂತಾರೆ, ನೀವು ತೆಗೆಯಲ್ಲ ಅಂತ ಜಗಳಕ್ಕೆ ಬೀಳ್ತೀರಿ, ಡಾಕ್ಟ್ರು ಬೇರೆಯೋರ್ನ ಕರೀತಾರೆ." ನಮ್ಮ ಆಚಾರದವರನ್ನು ಎಷ್ಟು ಜನರನ್ನು ಕಂಡಿದ್ದರೋ. ಅವರು ಹೇಳಿದಂತೆಯೇ ಕಟ್ಟಿಕೊಂಡೆ.

ಶನಿವಾರ ಬೆಳಗಿನ ಆರು ಗಂಟೆಯ ಬಸ್ಸು. ಚೌಡಕ್ಕನೂ ನಮ್ಮ ಜೊತೆಗೆ ಬಂದರು. ಡ್ರೈವರ್ ಹನುಮಣ್ಣ ನನ್ನ ಹಳೆಯ ಸ್ನೇಹಿತ. ನಾನು ಕೈ ಎತ್ತಿದಲ್ಲಿ ನಿಲ್ಲಿಸಿದ. ಕುಂಬಳೂರಿನ ಈಚೆಗೆ ಒಂದು ಸಲ, ಹರಿಹರದ ಹೊರಗೆ ಒಂದು ಸಲ. ನಾನು ಚೊಂಬು ಹಿಡಿದುಕೊಂಡು ಜಾಲಿ ಗಿಡಗಳ ಹಿಂದೆ ಹೋಗಿ ಬರುವವರೆಗೆ ಬಸ್ಸು ತುಂಬ ಜನ ಸುಮ್ಮನೆ ಕಾದರು. ಒಬ್ಬರಾದರೂ ಗೊಣಗಲಿಲ್ಲ. ಇಪ್ಪತ್ತು ವರ್ಷ ಅದೇ ಜನರನ್ನು ಬೇಗ ಹತ್ತಿ, ಬೇಗ ಇಳಿಯಿರಿ ಎಂದು ಬೈದವನು ನಾನು. ಅವರಿಗೆ ಎಷ್ಟು ನಮಸ್ಕಾರ ಹೇಳಿದರೂ ಕಡಿಮೆಯೇ.

ಮೇಜಿನ ಮೇಲೆ ಮಲಗಿಸಿ ಒಂದು ಇಂಜೆಕ್ಷನ್ ಕೊಟ್ಟರು. ಮಂಪರು ಬಂತು, ನಿದ್ದೆ ಬರಲಿಲ್ಲ. ಕೊಳವೆ ಒಳಗೆ ಹೋಗುವಾಗ ಗಾಳಿ ತುಂಬಿ ಹೊಟ್ಟೆ ಉಬ್ಬಿತು, ತಿರುವು ಬಂದಾಗ ಹಿಡಿದು ತಿರುಚಿದಂತೆ ನೋವು. ಬಾಗಿಲ ಆಚೆ ಚೌಡಕ್ಕ ಇದ್ದಾರೆ ಎಂದು ಗೊತ್ತಿತ್ತು. ಉಸಿರು ಬಿಟ್ಟೆ. ಮೆಲ್ಲಗೆ ಊರು ಕೂಗಲು ಶುರು ಮಾಡಿದೆ.

"ಏನು ಹೇಳ್ತಾ ಇದ್ದೀರಿ?" ಎಂದರು ಡಾಕ್ಟರು.

"ಸ್ಟಾಪು ಸಾರ್. ಕುಂಬಳೂರು ದಾಟ್ತು."

"ಹೇಳ್ತಾ ಇರಿ. ಹೀಗೆ ಸಡಿಲ ಬಿಟ್ಟವರು ಕಡಿಮೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, ನಾನು ಮಲೇಬೆನ್ನೂರು ಅನ್ನುವಾಗ, ಅವರ ಕೈ ನಿಂತಿತು. ಅಣ್ಣ ನೆನಪಾದ. ಮುಗಿಯಿತು ಅಂದುಕೊಂಡೆ.

"ಇಲ್ಲೊಂದು ಗುಳ್ಳೆ ಇದೆ. ತೊಟ್ಟಿನ ಮೇಲೆ ನಿಂತಿದೆ. ರಕ್ತ ಬರ್ತಿರೋದು ಇದರಿಂದಲೇ," ಎಂದರು. "ಹೊಟ್ಟೆ ಇಷ್ಟು ಶುಚಿಯಾಗಿರದಿದ್ದರೆ ಇದು ನನಗೆ ಕಾಣ್ತಾನೇ ಇರಲಿಲ್ಲ." ತಂತಿಯ ಕುಣಿಕೆ ಹಾಕಿ ಅಲ್ಲೇ ಅದನ್ನು ಕತ್ತರಿಸಿ ತೆಗೆದರು. ಅದರಿಂದ ಒಂದಿಷ್ಟೂ ನೋವಾಗಲಿಲ್ಲ. ಕೊಳವೆ ಹರಿಹರ ದಾಟಿ ದಾವಣಗೆರೆ ಮುಟ್ಟಿತು, ಮುಂದೆ ಎಲ್ಲೂ ಏನೂ ಇರಲಿಲ್ಲ.

ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಕಾಗದ ಬಂತು. ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟಿದ್ದರೆ ಎರಡು ಮೂರು ವರ್ಷದಲ್ಲಿ ಆಗುತ್ತಿತ್ತು ಎಂದು ಸರ್ಕಾರಿ ಡಾಕ್ಟರು ಓದಿ ಹೇಳಿದರು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಗುವಿನಂತೆ ಅತ್ತೆ. ಅಣ್ಣನಿಗೂ ಮೊದಲು ಇಂಥದೇ ಒಂದು ಗುಳ್ಳೆ ಇದ್ದಿರಬೇಕು.

ಅನ್ನಪೂರ್ಣ ಚೌಡಕ್ಕನನ್ನು ಮನೆಗೆ ಕರೆದು, ಮುಂಬಾಗಿಲಿನಿಂದಲೇ ಕರೆದು, ಹೋಳಿಗೆ ಊಟ ಬಡಿಸಿ, ಸೀರೆ ಕೊಟ್ಟು ಉಡಿ ತುಂಬಿದಳು. ಗಂಡನಿಲ್ಲದವರಿಗೆ ಉಡಿ ತುಂಬುವುದು ಎಲ್ಲಾದರೂ ಉಂಟೇ ಎಂದು ನಮ್ಮ ಅತ್ತಿಗೆಯೇ, ಅಣ್ಣನ ಹೆಂಡತಿ ಸರ್ವಮಂಗಳಮ್ಮನೇ ಕೇಳಬಹುದೆಂದು ನಾನು ಅಂಜಿದ್ದೆ. ಅತ್ತಿಗೆ ಎದ್ದು ಬಂದವರು ತಾವೂ ಒಂದು ಹಿಡಿ ಅಕ್ಕಿ ಹಾಕಿದರು. ಚೌಡಕ್ಕ ತಲೆ ತಗ್ಗಿಸಿಕೊಂಡೇ ಇದ್ದರು. ನನಗೆ ಸಮಾಧಾನವಾಯಿತು, ಋಣ ತೀರಿಸಿದೆವು ಎಂದುಕೊಂಡೆ.

ಆದರೆ ಮುಂದಿನ ವಾರ ಸಂತೆಯಲ್ಲಿ ಎದುರಿಗೆ ಸಿಕ್ಕರು. ನಾನು ನಗಲು ಬಾಯಿ ತೆರೆದೆ. ಅವರು ನನ್ನ ಪಕ್ಕದಿಂದಲೇ, ನಾನೊಂದು ದೀಪದ ಕಂಬವೋ ಎಂಬಂತೆ, ಮೆಣಸಿನಕಾಯಿ ರಾಶಿ ನೋಡುತ್ತ ಹೋಗಿಬಿಟ್ಟರು. ಮತ್ತೆ ನನ್ನ ಮರ್ಯಾದೆ ಕಾಯುತ್ತಿದ್ದರು! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಯ ಒಳಗೆ ಉಡಿ ತುಂಬಿ, ಬೀದಿಯಲ್ಲಿ ಗುರುತಿಲ್ಲದವನಂತೆ ಇರಬೇಕೆ? ಇಂಥ ಮರ್ಯಾದೆಯೇ ಅಲ್ಲವೇ ಅಣ್ಣನನ್ನು ಕೊಂದದ್ದು?

ತಿಂಗಳ ಕೊನೆಗೆ ಅವರು ಜಗಳೂರಿಗೆ ಹೊರಟು ಸ್ಟ್ಯಾಂಡಿಗೆ ಬಂದರು. ಬೆಳಗಿನ ಹೊತ್ತು, ಸಾಲು ಉದ್ದವಿತ್ತು. ಕೊನೆಯಲ್ಲಿ ನಿಂತು ಎಂದಿನಂತೆ ಬಸ್ಸಿನ ಟಾಪ್ ನೋಡುತ್ತಿದ್ದರು. ನಾನು ಕಿಟಕಿ ಬಿಟ್ಟು ಹೊರಗೆ ಬಂದೆ. ಊರು ಕೂಗುವ ಗಂಟಲಿನಲ್ಲೇ, ಹೊಳೆಯ ಆಚೆಗೂ ಕೇಳುವಂತೆ ಕೂಗಿದೆ.

"ಚೌಡಕ್ಕಾ, ನಮಸ್ಕಾರ! ಮುಂದಕ್ಕೆ ಬರ್ರಿ. ಡ್ರೈವರ್ ಹಿಂದಿನ ಸೀಟು ನಿಮಗೇ ಇಟ್ಟೀನಿ. ನೀವು ಎನಿಮಾ ಕೊಟ್ಟು ಹೊಟ್ಟೆ ತೊಳೆದಿದ್ದಕ್ಕೆ ನಾನು ಬದುಕೀನಿ!"

ಸ್ಟ್ಯಾಂಡಿಗೆ ಸ್ಟ್ಯಾಂಡೇ ನನ್ನ ಕಡೆ ತಿರುಗಿತು. ಹೋಟೆಲಿನವನು ಚಹಾ ಸೋಸುವುದನ್ನು ನಿಲ್ಲಿಸಿದ. ಚೌಡಕ್ಕ ಗಾಬರಿಯಿಂದ ಹತ್ತಿರ ಬಂದು, "ನಿಮಗೇನು ಬುದ್ಧಿ ಐತೇನ್ರಿ ಹಾಲಸ್ವಾಮಣ್ಣ? ಇಷ್ಟು ಜನದ ಮುಂದೆ ಹಿಂಗೆ ಕೂಗ್ತಾರಾ?" ಎಂದು ಬೈದರು.

"ಅವತ್ತು ನೀವು ಕೂಗ್ಲಿಲ್ವಾ?" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣು ತುಂಬಿ ಬಂತು. ಟಿಕೆಟ್ ಕೊಟ್ಟೆ, ಈಸಿಕೊಂಡು ಬಸ್ಸು ಹತ್ತಿದರು. ಆಗ ಸಾಲಿನಿಂದ ಅಡಿಕೆ ಮಂಡಿಯ ಮುರುಗೇಶಪ್ಪನವರು, ಯಾರ ಜೊತೆಯೂ ಹೆಚ್ಚು ಮಾತಾಡದ ಭಾರಿ ಮನುಷ್ಯ, ಸಾಲು ಬಿಟ್ಟು ಬಸ್ಸಿನ ಕಿಟಕಿಯ ಹತ್ತಿರ ಹೋದರು. ಎಲ್ಲರ ಎದುರಿಗೇ ಕೇಳಿದರು.

"ಚೌಡಕ್ಕ, ನಂಗೂ ಆರು ತಿಂಗಳಿಂದ ಹಿಂಗೇ ಆಗಾಕತ್ತೈತೆ. ನಾನು ಯಾರಿಗೆ ತೋರಿಸ್ಬೇಕು?"

ಚೌಡಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಕಿಟಕಿಯಿಂದ ಬಗ್ಗಿ ಅವರಿಗೆ ಹೇಳತೊಡಗಿದರು. ಬಸ್ಸು ಹೊರಡುವ ಹೊತ್ತು ಮೀರಿತ್ತು. ಹನುಮಣ್ಣ ಹಾರನ್ ಮಾಡಿದ. ಅವರ ಮಾತು ಮುಗಿಯುವವರೆಗೂ ನಾನು ಊರು ಕೂಗಲಿಲ್ಲ.